ಭೂತಗನ್ನಡಿಯ ಮೇಷ್ಟ್ರು

ನಮ್ಮ ಕಾಲೇಜಿನ ಇತಿಹಾಸದ ಮೇಷ್ಟ್ರಿಗೆ ಪಾಠಕ್ಕಿಂತ ಪತ್ತೇದಾರಿಕೆಯ ಮೇಲೆ ಪ್ರಾಣ. ಸ್ಟಾಫ್ ರೂಮಿನಲ್ಲಿ ಒಂದು ಚಮಚ ಕಾಣೆಯಾದರೆ ಸಾಕು, ಜೇಬಿನಿಂದ ಭೂತಗನ್ನಡಿ ಹೊರಬರುತ್ತದೆ, ಹುಬ್ಬು ಮೇಲೇರುತ್ತದೆ, "ಯಾರೂ ಕೂತಲ್ಲಿಂದ ಏಳಬೇಡಿ" ಎಂದು ಅಪ್ಪಣೆಯಾಗುತ್ತದೆ. ಆಮೇಲೆ ಕ್ಲಾಸಿನ ಗಂಟೆ ಹೊಡೆದರೂ ಅವರ ಕಿವಿಗೆ ಬೀಳದು. ಬಿಸ್ಕತ್ತಿನ ಪುಡಿ ನೋಡಿ ತಿಂದವರು ಎಡಚರೆಂದು ಹೇಳುತ್ತಾರೆ. ಒದ್ದೆ ಕೊಡೆ ಮೂಸಿ ಅದರ ಒಡೆಯರ ಮನೆಯಲ್ಲಿ ನಾಯಿ ಇದೆಯೆನ್ನುತ್ತಾರೆ. ಗಣಿತದ ಮೇಡಂ ಕಳೆದುಕೊಂಡ ಕುರ್ಚಿ ದಿಂಬನ್ನು ಗ್ರಂಥಪಾಲಕರ ಬೆನ್ನ ಹಿಂದಿನಿಂದ ಎಳೆದು ತೆಗೆದ ದಿನವಂತೂ ಅವರನ್ನು ಹಿಡಿಯುವವರೇ ಇರಲಿಲ್ಲ. "ಸತ್ಯದ ಮುಂದೆ ನನಗೆ ಅಪ್ಪನೂ ಒಂದೇ, ಅಟೆಂಡರೂ ಒಂದೇ ಕಣ್ರೀ" ಎಂದು ವಾರವಿಡೀ ಬೀಗಿದರು. ಮೊನ್ನೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಎರಡು ಪುಸ್ತಕ ಹಿಡಿದು ಬಂದಳು. ಒಂದು ಕೋಟೆಗಳ ಬಗ್ಗೆ ಅವಳು ಬರೆದ ಪಿಎಚ್.ಡಿ. ಪ್ರಬಂಧ, ಇನ್ನೊಂದು ಪ್ರಾಂಶುಪಾಲರು ಹೊಸದಾಗಿ ಅಚ್ಚು ಹಾಕಿಸಿದ ಗ್ರಂಥ. "ಪೂರ್ತಿ ನಂದೇ ಸಾರ್, ಹೆಸರು ಮಾತ್ರ ಅವರದು. ಈ ಸಾಲು ನೋಡಿ ಬೇಕಾದ್ರೆ" ಎಂದಳು. ಮೇಷ್ಟ್ರು ಭೂತಗನ್ನಡಿ ಹಿಡಿದು ನೋಡಿದರು. ನಮ್ಮ ಗಿರಿಜಾ ಮೀಸೆಯ ಪ್ರಾಂಶುಪಾಲರು ಬರೆದಿದ್ದರು: "ತುಂಬು ಗರ್ಭಿಣಿಯಾಗಿದ್ದ ನಾನು ಏದುಸಿರು ಬಿಡುತ್ತಾ ಈ ಕೋಟೆಯ ಮೆಟ್ಟಿಲು ಹತ್ತಿದೆ." ಮೇಷ್ಟ್ರ ಕಣ್ಣು ಒಂದು ಕ್ಷಣ ಮಿಂಚಿತು. ಆಮೇಲೆ ಅದೇ ಕಣ್ಣು ಪ್ರಾಂಶುಪಾಲರ ಕೋಣೆಯ ಬಾಗಿಲಿಗೆ ಹೋಯಿತು. ಮೇಷ್ಟ್ರ ಬಡ್ತಿಯ ಕಡತ ಅಲ್ಲಿ ರುಜುವಿಗೆ ಕಾಯುತ್ತಿತ್ತು. ಅವರು ಭೂತಗನ್ನಡಿಯನ್ನು ಕರವಸ್ತ್ರದಿಂದ ಒರೆಸಿ ಜೇಬಿಗಿಳಿಸಿದರು. "ಸಾಕ್ಷಿ ಸಾಲದಮ್ಮ" ಎಂದರು.