ಪ್ರಶ್ನೆ ಕೇಳದ ಸಂದರ್ಶನ

ನೀರು ಸರಬರಾಜು ಮಂಡಳಿಯಲ್ಲಿ ಆಕೆಯ ಹುದ್ದೆಗೆ ಮಾರುದ್ದದ ಹೆಸರಿತ್ತು. ಅಷ್ಟುದ್ದ ಹೇಳುವ ಪುರುಸೊತ್ತು ಯಾರಿಗಿದೆ? ಜವಾನನಿಂದ ಹಿಡಿದು ಲೆಕ್ಕಪತ್ರ ವಿಭಾಗದ ಹಿರಿಯರವರೆಗೆ ಎಲ್ಲರೂ ಬೆನ್ನ ಹಿಂದೆ ಕರೆಯುತ್ತಿದ್ದುದು ಸಮಿತಿಯಮ್ಮ ಎಂದು. ಬೆನ್ನ ಹಿಂದೆ ಎಂದರೆ ತೀರಾ ಹಿಂದೇನಲ್ಲ, ಆಕೆಯ ಕಿವಿಗೆ ಬೀಳುವಷ್ಟು ದೂರದಲ್ಲೇ.

ಆ ಹೆಸರು ಸುಮ್ಮನೆ ಬಂದದ್ದಲ್ಲ. ಯಾವ ಹುದ್ದೆಗೆ ಸಂದರ್ಶನ ನಡೆದರೂ ಆಯ್ಕೆ ಸಮಿತಿಯಲ್ಲಿ ತಾಂತ್ರಿಕ ವಿಭಾಗದ, ಎಂಜಿನಿಯರ್ ದರ್ಜೆಯ ಒಬ್ಬ ಮಹಿಳೆ ಇರಲೇಬೇಕು ಎಂದು ನಿಯಮ. ನಿಯಮವೇನೋ ಒಳ್ಳೆಯದೇ. ಆದರೆ ಆ ದರ್ಜೆಯ ಮಹಿಳೆ ಇಡೀ ಮಂಡಳಿಗೆ ಈಕೆಯೊಬ್ಬಳೇ. ಮೀಟರ್ ಓದುವವರು ಬೇಕೆಂದರೂ ಈಕೆ ಹೋಗಬೇಕು, ಡ್ರೈವರ್ ಬೇಕೆಂದರೂ ಈಕೆ, ಟೈಪಿಸ್ಟ್ ಬೇಕೆಂದರೂ ಈಕೆಯೇ. ಆಕೆ ಕೆಲಸ ಮಾಡುವ ನೀರು ಶುದ್ಧೀಕರಣ ಘಟಕದಲ್ಲಿ ಫಿಲ್ಟರ್ ತೊಟ್ಟಿಯ ಮರಳು ಬದಲಾಯಿಸುವ ಕೆಲಸ ಅರ್ಧಕ್ಕೆ ನಿಂತಿದ್ದರೂ ಸರಿ, ಗಂಬೂಟು ಕಳಚಿ, ಕೈಕಾಲು ತೊಳೆದು, ಕೇಂದ್ರ ಕಚೇರಿಯ ಮೇಲಿನ ಮಹಡಿಗೆ ಓಡಬೇಕು. ಸಂಜೆ ವಾಪಸ್ಸು ಬರುವಷ್ಟರಲ್ಲಿ ಉಳಿದ ಎಂಜಿನಿಯರುಗಳು ತಮ್ಮ ತಮ್ಮ ಕೆಲಸ ಮುಗಿಸಿ ಶಹಬ್ಬಾಸ್ ಅನ್ನಿಸಿಕೊಂಡಿರುತ್ತಿದ್ದರು. ಆಕೆಯ ಕೆಲಸ ಮಾತ್ರ ಬಿಟ್ಟಲ್ಲೇ ಬಿದ್ದಿರುತ್ತಿತ್ತು.

ಮನೆಯಲ್ಲಿ ಅತ್ತೆಗೆ ಇದೊಂದು ತಮಾಷೆಯ ವಿಷಯ. ಬಂದವರೆದುರು, ನಮ್ಮ ಸೊಸೆ ಊರವರಿಗೆಲ್ಲ ಕೆಲಸ ಕೊಡುತ್ತಾಳೆ, ನೀರಿನ ಎಂಜಿನಿಯರ್ ಬೇರೆ, ನಮ್ಮ ಬಚ್ಚಲಿನ ನಲ್ಲಿ ಸೋರುವುದು ಮಾತ್ರ ನಿಂತಿಲ್ಲ ಎನ್ನುತ್ತಿದ್ದಳು. ಕನ್ನಡಕದ ಅಂಗಡಿ ಇಟ್ಟಿದ್ದ ಗಂಡ, ತಾಯಿಯ ಕಡೆಗೂ ಇಲ್ಲ ಹೆಂಡತಿಯ ಕಡೆಗೂ ಇಲ್ಲ ಎಂಬಂತೆ ನಕ್ಕುಬಿಡುತ್ತಿದ್ದ.

ಮೊದಲ ವರ್ಷಗಳಲ್ಲಿ ಸಮಿತಿಯೆಂದರೆ ಮೂಲೆಯ ಕುರ್ಚಿ, ಒಂದು ಲೋಟ ಟೀ, ಕೊನೆಗೊಂದು ಸಹಿ. ಬಾಯಿ ಬಿಡುವಂತಿರಲಿಲ್ಲ. ಒಂದು ದಿನ ತಡೆಯಲಾರದೆ ಆಕೆ ಬಾಯಿ ಬಿಟ್ಟಳು. ಎದುರಿಗೆ ಕೂತ ಅಭ್ಯರ್ಥಿಯನ್ನು ನಿಮ್ಮ ತಂದೆ ಏನು ಮಾಡುತ್ತಾರೆ ಎಂದು ಸಮಿತಿಯ ಉಳಿದ ಮೂವರೂ ಸರದಿಯಲ್ಲಿ ಕೇಳಿದ ಮೇಲೆ, ಈಕೆ ಪಂಪಿನ ಬಗ್ಗೆ ಕೇಳಿದಳು. ಸಮಿತಿಯವರಿಗೆ ಮೊದಲು ಇರುಸುಮುರುಸಾಯಿತು, ಆಮೇಲೆ ಹಾಯೆನಿಸಿತು. ಕೇಳುವ ತಲೆನೋವು ಒಬ್ಬರು ವಹಿಸಿಕೊಂಡರೆ ಉಳಿದವರು ನಿಶ್ಚಿಂತೆಯಿಂದ ಟೀ ಕುಡಿಯಬಹುದಲ್ಲ? ಅಂದಿನಿಂದ ಪ್ರಶ್ನೆ ಕೇಳುವುದು ಆಕೆಯ ಪಾಲಿಗೆ ಬಂತು. ಆಕೆಯೂ ಅದನ್ನು ವ್ರತದಂತೆ ನಡೆಸಿದಳು. ಯಾರ ಶಿಫಾರಸಿನಿಂದ ಬಂದವನಾದರೂ, ಗಂಡಾಗಲಿ ಹೆಣ್ಣಾಗಲಿ, ಕೇಳಬೇಕಾದ್ದನ್ನು ಕೇಳದೆ ಯಾರನ್ನೂ ಕಳಿಸಿದವಳಲ್ಲ.

ಅದಕ್ಕೊಂದು ಹಳೆಯ ಕಾರಣವೂ ಇತ್ತು. ಆಕೆ ಕೆಲಸಕ್ಕೆ ಸೇರಿದ್ದು ಮಹಿಳೆಯರಿಗೆಂದು ಮೀಸಲಿಟ್ಟ ಜಾಗದಲ್ಲಿ. ಮೀಸಲು ಇಲ್ಲದಿದ್ದರೂ ಸಿಗುವಷ್ಟು ಅಂಕ ಬಂದಿತ್ತು ಎಂದು ಕೆಲವರು, ಎಲ್ಲಿ ಬಂದಿತ್ತು ಎಂದು ಕೆಲವರು. ಅಂಕಗಳನ್ನು ಯಾರೂ ಪ್ರಕಟಿಸಲಿಲ್ಲ. ಸಹೋದ್ಯೋಗಿಗಳ ಮಾತಿಗೆ ಎದುರು ಮಾತಾಡೋಣವೆಂದರೆ ಆಕೆಗೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ದಾಟಿದರೂ ಆ ಮುಳ್ಳು ಒಳಗೇ ಇತ್ತು.

ಆಕೆ ಹಟ ಹಿಡಿದು ಆರಿಸಿ ತಂದವರಲ್ಲಿ ಒಬ್ಬ ಕಿರಿಯ ಎಂಜಿನಿಯರ್ ಇದ್ದ. ನೆಟ್ಟಗೆ ಉದ್ದಕ್ಕೆ ಬೆಳೆದಿದ್ದವನನ್ನು ಘಟಕದಲ್ಲಿ ಲೈಟುಕಂಬ ಎನ್ನುತ್ತಿದ್ದರು. ಅವನ ಸಂದರ್ಶನದಲ್ಲಿ ಆಕೆ, ಮಳೆ ಬಂದು ಹೊಳೆ ಕೆಂಪಾಗಿ ಘಟಕಕ್ಕೆ ಕೆಸರು ನೀರು ನುಗ್ಗುತ್ತಿದ್ದರೆ ಮೊದಲು ಏನು ಮಾಡುತ್ತೀಯ ಎಂದು ಕೇಳಿದ್ದಳು. ಬಂದವರೆಲ್ಲ ಕೆಸರನ್ನು ತಳಕ್ಕಿಳಿಸುವ ಪಟಿಕದ ಪ್ರಮಾಣ ಏರಿಸುತ್ತೇನೆ ಎಂದು ಪುಸ್ತಕ ಒಪ್ಪಿಸಿದರು. ಇವನು, ಮೊದಲು ಒಳಗೆ ಬರುವ ನೀರನ್ನೇ ಅರ್ಧಕ್ಕೆ ಇಳಿಸುತ್ತೇನೆ, ನೀರು ಕಡಿಮೆಯಾದರೆ ಜನ ಬೈಯುತ್ತಾರೆ, ಕೆಸರು ಹೋದರೆ ಕಾಯಿಲೆ ಬೀಳುತ್ತಾರೆ, ಬೈಸಿಕೊಳ್ಳುವುದೇ ಮೇಲು ಎಂದ. ಆಗಿನ ಅಧ್ಯಕ್ಷರಿಗೆ ಬೇರೊಬ್ಬ ಬೇಕಾಗಿದ್ದ. ಈಕೆ ಪೆನ್ನಿನ ಮುಚ್ಚಳ ಹಾಕಿ ಕೂತುಬಿಟ್ಟಳು. ಆಕೆಯ ಸಹಿ ಇಲ್ಲದೆ ಸಮಿತಿಯ ತೀರ್ಮಾನ ಊರ್ಜಿತವಲ್ಲ. ಕೊನೆಗೆ ಲೈಟುಕಂಬನಿಗೇ ಕೆಲಸವಾಯಿತು, ಆಕೆಯ ನಂಬಿಕೆಯನ್ನು ಅವನು ಹುಸಿಮಾಡಲೂ ಇಲ್ಲ. ಹೊಸ ಯಂತ್ರಗಳೆಂದರೆ ಅವನಿಗೆ ನೀರು ಕುಡಿದಷ್ಟು ಸಲೀಸು. ಕೆಲವು ದಿನ ಅವನ ಕೆಲಸ ನೋಡಿ ಆಕೆಗೆ, ಇವನು ನನಗಿಂತ ಮುಂದೆ ಹೋದನೋ ಏನೋ ಅನಿಸುತ್ತಿತ್ತು. ಇನ್ನು ಕೆಲವು ದಿನ, ಇಲ್ಲ, ಇವನಿಗೆ ಇನ್ನೂ ನೀರಿನ ವಾಸನೆ ಹಿಡಿದೇ ಅದರ ದೋಷ ಹೇಳುವುದು ಬರುವುದಿಲ್ಲ ಅನಿಸುತ್ತಿತ್ತು.

ಹೀಗಿರುವಾಗ ಘಟಕದ ಮುಖ್ಯಸ್ಥರು ನಿವೃತ್ತರಾದರು. ಆಕೆಗೆ ಆ ಕುರ್ಚಿ ಬೇಕಿತ್ತು. ಬೇಡವೆಂದು ನಟಿಸುವ ವಯಸ್ಸು ದಾಟಿತ್ತು, ಇದು ತಪ್ಪಿದರೆ ಇನ್ನೊಂದು ಅವಕಾಶವೂ ಇರಲಿಲ್ಲ. ಆದರೆ ಸುಮ್ಮನೆ ಸಿಗುವುದು ಬೇಕಿರಲಿಲ್ಲ. ಗೆದ್ದು ಪಡೆಯಬೇಕಿತ್ತು. ಅದಕ್ಕೇ ಲೈಟುಕಂಬನನ್ನು ಕರೆದು, ನಿನಗೂ ಬೇಕಾದಷ್ಟು ಸೇವೆಯಾಗಿದೆ, ನೀನೂ ಅರ್ಜಿ ಹಾಕು ಎಂದಳು. ಅವನು ತಲೆ ಕೆರೆದುಕೊಂಡಾಗ ಗದರಿಸಿ ಹಾಕಿಸಿದಳು.

ಈಗ ಸಿಬ್ಬಂದಿ ವಿಭಾಗದ ಅಧಿಕಾರಿಗೆ ಕಣ್ಣು ಕತ್ತಲಿಟ್ಟಿತು. ಸಮಿತಿಯಲ್ಲಿ ಮಹಿಳೆ ಬೇಕು, ಇರುವ ಮಹಿಳೆಯೇ ಅಭ್ಯರ್ಥಿ. ಅಭ್ಯರ್ಥಿಯಾದವಳು ಸಮಿತಿಯಲ್ಲಿ ಕೂರುವಂತಿಲ್ಲ. ಆತ ಬೆಣ್ಣೆಯಂಥ ದನಿಯಲ್ಲಿ, ನೀವು ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಎಲ್ಲರಿಗೂ ಅನುಕೂಲ ಎಂದು ಸೂಚಿಸಿದ. ಮಹಿಳೆಯರಿಗೆ ಅವಕಾಶವಾಗಲಿ ಎಂದು ಮಾಡಿದ ನಿಯಮಕ್ಕೆ ತೊಂದರೆಯಾಗಬಾರದೆಂದು ಮಹಿಳೆಯೊಬ್ಬಳು ಅವಕಾಶ ಬಿಡಬೇಕಂತೆ! ಆಕೆಗೆ ಮೈಯೆಲ್ಲ ಉರಿಯಿತು. ಸಮಿತಿ ಹುಡುಕುವುದು ನಿಮ್ಮ ಕೆಲಸ, ನನ್ನದಲ್ಲ ಎಂದು ಎದ್ದು ಬಂದಳು. ಹಲವು ದಿನ ಕಡತ ಅಲ್ಲಿಂದಿಲ್ಲಿಗೆ ಓಡಾಡಿ, ರಸ್ತೆ ಇಲಾಖೆಯಿಂದ ಒಬ್ಬ ಮಹಿಳಾ ಎಂಜಿನಿಯರನ್ನು ಎರವಲು ತರುವುದೆಂದು ತೀರ್ಮಾನವಾಯಿತು.

ಅಷ್ಟರಲ್ಲಿ ಮೇಲಿನಿಂದ ಇನ್ನೊಂದು ಸುತ್ತೋಲೆ ಇಳಿಯಿತು. ವರ್ಷ ಮುಗಿಯುವುದರೊಳಗೆ ಪ್ರತಿ ಮಂಡಳಿಯಲ್ಲೂ ಒಂದು ಘಟಕಕ್ಕಾದರೂ ಮಹಿಳೆ ಮುಖ್ಯಸ್ಥೆಯಾಗಿರಬೇಕು. ಕಚೇರಿಯಲ್ಲಿ ಗುಸುಗುಸು ನಿಂತು ಬಹಿರಂಗ ಚರ್ಚೆಯೇ ಶುರುವಾಯಿತು. ಅರ್ಹತೆಗೆ ಬೆಲೆಯೇ ಇಲ್ಲ ಎಂದು ಭಾವಮೈದುನನ ಶಿಫಾರಸಿನಿಂದ ಬಂದ ಗುಮಾಸ್ತ ಮರುಗಿದ. ಇಷ್ಟು ವರ್ಷ ಎಲ್ಲ ಘಟಕಕ್ಕೂ ಗಂಡಸರೇ ಇದ್ದಾಗ ಅರ್ಹತೆ ಎಲ್ಲಿ ಮಲಗಿತ್ತು ಎಂದು ದೂರವಾಣಿ ವಿಭಾಗದವಳು ಕೇಳಿದಳು. ಲೈಟುಕಂಬ ಮಾತ್ರ ಸಂದರ್ಶನಕ್ಕೆ ಓದುತ್ತಿದ್ದ. ಆಕೆಯೂ ಓದುತ್ತಿದ್ದಳು. ಅಡುಗೆಮನೆಯಲ್ಲಿ ಒಲೆಯ ಮುಂದೆ ಪುಸ್ತಕ ಹಿಡಿದು ನಿಂತ ಸೊಸೆಯನ್ನು ನೋಡಿ ಅತ್ತೆ, ಈ ವಯಸ್ಸಿಗೆ ಪರೀಕ್ಷೆಯೇ ಎಂದು ತಾನೇ ಸೌಟು ಹಿಡಿದಳು.

ಸಂದರ್ಶನದ ದಿನ ಲೈಟುಕಂಬ ಮೊದಲು ಒಳಗೆ ಹೋದ. ಮುಚ್ಚಿದ ಬಾಗಿಲ ಆಚೆಯಿಂದ ಮಾತು ಕೇಳುತ್ತಲೇ ಇತ್ತು, ಮುಗಿಯುವಂತೆಯೇ ಇರಲಿಲ್ಲ. ಹೊರಗೆ ಬಂದಾಗ ಅವನ ಶರ್ಟು ಬೆನ್ನಿಗಂಟಿತ್ತು, ಮುಖ ಮಾತ್ರ ಅರಳಿತ್ತು. ಒಳ್ಳೆ ಪ್ರಶ್ನೆ ಕೇಳುತ್ತಿದ್ದಾರೆ ಮೇಡಂ ಎಂದು ಪಿಸುಗುಟ್ಟಿ ಹೋದ. ಆಕೆಗೆ ಖುಷಿಯಾಯಿತು. ಎದೆ ಹೊಡೆದುಕೊಳ್ಳುತ್ತಿತ್ತು, ಅದೂ ಹಿತವಾಗಿತ್ತು.

ಒಳಗೆ ಅಧ್ಯಕ್ಷರು ಮಧ್ಯದಲ್ಲಿದ್ದರು. ಅವರು ಚುನಾವಣೆಯಲ್ಲಿ ಸೋತವರು. ಸೋತವರನ್ನು ಎಲ್ಲಾದರೂ ಕೂರಿಸಬೇಕಲ್ಲ, ಪಕ್ಷ ತಂದು ನೀರಿನ ಮಂಡಳಿಯಲ್ಲಿ ಕೂರಿಸಿತ್ತು. ಅದಕ್ಕೆ ಮುಂಚೆ ಅವರಿಗೆ ಇದ್ದದ್ದು ಬಸ್ಸಿನ ವ್ಯವಹಾರ. ಅವರನ್ನು ಆ ಕುರ್ಚಿಗೆ ತರುವಾಗ ಯಾವ ಸಮಿತಿಯೂ ಸೇರಿರಲಿಲ್ಲ, ನೀರು ಎಲ್ಲಿಂದ ಬರುತ್ತದೆ ಎಂದೂ ಯಾರೂ ಕೇಳಿರಲಿಲ್ಲ. ಅವರ ಬಲಕ್ಕೆ ಎಂಜಿನಿಯರಿಂಗ್ ಕಾಲೇಜಿನ ನಿವೃತ್ತ ಪ್ರಾಧ್ಯಾಪಕರು, ವಿಷಯತಜ್ಞರೆಂದು ಬಂದವರು. ಎಡಕ್ಕೆ ಸಿಬ್ಬಂದಿ ಅಧಿಕಾರಿ. ಮೂಲೆಯ ಕುರ್ಚಿಯಲ್ಲಿ ರಸ್ತೆ ಇಲಾಖೆಯ ಮಹಿಳೆ, ಮುಂದೆ ಒಂದು ಲೋಟ ಟೀ.

ಪ್ರಾಧ್ಯಾಪಕರು ಕನ್ನಡಕ ಸರಿಮಾಡಿಕೊಂಡು ಬಾಯಿ ತೆರೆದರು. ಅಷ್ಟರಲ್ಲಿ ಅಧ್ಯಕ್ಷರು ಕೈ ಅಡ್ಡ ಹಿಡಿದು, ಇವರು ನಮ್ಮ ಮನೆಯವರಿದ್ದ ಹಾಗೆ, ಇವರನ್ನೇನು ಕೇಳುವುದು ಎಂದರು. ಆಮೇಲೆ ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ವಿಚಾರಿಸಿದರು. ಅತ್ತೆಯ ಮಂಡಿನೋವಿನ ಬಗ್ಗೆ ಕೇಳಿ ಒಬ್ಬ ಡಾಕ್ಟರ ಹೆಸರನ್ನೂ ಹೇಳಿದರು. ಸಿಬ್ಬಂದಿ ಅಧಿಕಾರಿ ಸುತ್ತೋಲೆಯ ಪ್ರತಿಯನ್ನು ಪ್ರಾಧ್ಯಾಪಕರ ಮುಂದೆ ಸರಿಸಿದ. ಅವರು ಓದಿ, ತಮ್ಮ ಪ್ರಶ್ನೆಗಳಿದ್ದ ಹಾಳೆಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಆ ಹಾಳೆ ಜೇಬಿಗೆ ಹೋದದ್ದನ್ನು ನೋಡಿ ಆಕೆಗೆ ಏನು ನಡೆಯುತ್ತಿದೆ ಎಂದು ಅರ್ಥವಾಯಿತು.

"ಪ್ರಶ್ನೆ ಕೇಳಿ ಸಾರ್," ಎಂದಳು.

"ಜೀವನ ಪೂರ್ತಿ ಬೇರೆಯವರನ್ನ ಕೇಳಿ ಕೇಳಿ ಸುಸ್ತಾಗಿದೀರಿ," ಎಂದು ಅಧ್ಯಕ್ಷರು ನಕ್ಕರು. "ಇವತ್ತೊಂದಿನ ಆರಾಮಾಗಿರಿ ಮೇಡಂ. ನಿಮ್ಮದಾಯ್ತು ಅಂತ ಇಟ್ಕೊಳ್ಳಿ."

ಆಕೆ ಏಳಲಿಲ್ಲ. ಒಂದಾದರೂ ಕೇಳಿ, ಅವನನ್ನು ಕೇಳಿದ್ದನ್ನೇ ಕೇಳಿ ಎಂದಳು. ಪ್ರಾಧ್ಯಾಪಕರು ಅಧ್ಯಕ್ಷರ ಮುಖ ನೋಡಿದರು. ಅಧ್ಯಕ್ಷರ ನಗು ಸ್ವಲ್ಪ ಬಿಗಿಯಾಯಿತು. ಕೊಡುವವರು ಕೊಡುತ್ತಿರುವಾಗ ಇವಳದೇನು ರಗಳೆ ಎಂಬುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಆಕೆ ಮೂಲೆಯ ಕಡೆ ತಿರುಗಿದಳು. ರಸ್ತೆ ಇಲಾಖೆಯ ಮಹಿಳೆ ಏನೋ ಹೇಳಲು ಹೊರಟವಳಂತೆ ತುಟಿ ಅಲುಗಿಸಿ, ಲೋಟ ಎತ್ತಿಕೊಂಡಳು. ಈಕೆಗೆ ಅವಳನ್ನು ಬೈಯಲೂ ಮನಸ್ಸಾಗಲಿಲ್ಲ. ಆ ಕುರ್ಚಿ ಎಂಥದ್ದೆಂದು ಗೊತ್ತಿದ್ದವಳು ಬೈಯುವುದು ಹೇಗೆ? ಜವಾನ ಬಂದು ಬಾಗಿಲು ತೆರೆದು ನಿಂತ.

ಮನೆಗೆ ಬಂದು ಗಂಡನ ಮುಂದೆ ಹೇಳಿಕೊಂಡಳು. ಹೇಗೆ ಸಿಕ್ಕರೇನು, ಕುರ್ಚಿ ಕುರ್ಚಿಯೇ ಎಂದ ಅವನು. ಅವನ ಮೇಲೆ ರೇಗಿದಳು. ಇದ್ದ ಸಿಟ್ಟೆಲ್ಲ ಅವನ ಮೇಲೆ ಹೋಯಿತು, ಪಾಪ, ಅವನದೇನೂ ತಪ್ಪಿರಲಿಲ್ಲ. ಇದನ್ನೆಲ್ಲ ಕೇಳುತ್ತಿದ್ದ ಅತ್ತೆ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ತಲೆಯೆತ್ತಿದಳು.

"ಸುಮ್ನೆ ಇಸ್ಕೊಳೇ. ನಿಮ್ಮ ಅಧ್ಯಕ್ಷನಿಗೆ ಕುರ್ಚಿ ಕೊಟ್ಟಾಗ, ನಂಗ್ಯಾಕೆ ಕೊಟ್ರಿ, ಮೊದ್ಲು ನನ್ನ ಪರೀಕ್ಷೆ ಮಾಡಿ ಅಂತ ಅವನೇನಾದ್ರೂ ಅತ್ನಾ?"

ಮಾತು ನಿಜ. ಆದರೆ ನಿಜವಾದ ಮಾತಿನಿಂದ ಹೊಟ್ಟೆಯ ಉರಿ ಆರಬೇಕೆಂದೇನಿಲ್ಲ.

ಮುಂದಿನ ವಾರ ಆದೇಶ ಬಂತು. ಕಚೇರಿಯಲ್ಲಿ ಕೈಕುಲುಕಿದವರಲ್ಲಿ ಅರ್ಧ ಜನ ಕಣ್ಣಿಗೆ ಕಣ್ಣು ಕೊಡಲಿಲ್ಲ. ಮಹಿಳೆಯರಿಗೆ ಒಳ್ಳೆ ಕಾಲ ಬಂತು ಎಂದು ಒಬ್ಬರು ಬಾಯ್ತುಂಬ ಹರಸಿದರು. ನಿಮ್ಮ ಕೆಲಸಕ್ಕೆ ಫಲ ಸಿಕ್ಕಿತು ಎಂದು ಒಬ್ಬರೂ ಹೇಳಲಿಲ್ಲ. ಹೇಳಿದ್ದರೂ ಆಕೆ ನಂಬುತ್ತಿದ್ದಳೋ ಇಲ್ಲವೋ.

ಮಧ್ಯಾಹ್ನ ಫಿಲ್ಟರ್ ತೊಟ್ಟಿಗಳ ನಡುವಿನ ಹಾದಿಯಲ್ಲಿ ಲೈಟುಕಂಬ ಎದುರಾದ. ಅಭಿನಂದನೆ ಹೇಳಿದ. ಹೇಳಿ ಹೋಗಿಬಿಟ್ಟಿದ್ದರೆ ಮುಗಿಯುತ್ತಿತ್ತು. ಅವನು ಕಂಬಿ ಹಿಡಿದು ನಿಂತ.

"ನನ್ನನ್ನ ಮುಕ್ಕಾಲು ಗಂಟೆ ಕೇಳಿದ್ರು ಮೇಡಂ. ನಿಮ್ಮನ್ನ ಎಷ್ಟೊತ್ತು ಕೇಳಿದ್ರು?"

ಆಕೆ ಸುಳ್ಳು ಹೇಳಬಹುದಿತ್ತು. ಏನೂ ಕೇಳಲಿಲ್ಲ ಎಂದಳು. ಅವನ ಮುಖದಲ್ಲಿ ಸಿಟ್ಟು ಬಂದು ಹೋದದ್ದು ಕಾಣಿಸಿತು. ಆ ಸಿಟ್ಟು ತನ್ನ ಮೇಲೆಯೋ, ಆ ಕೋಣೆಯ ಮೇಲೆಯೋ ಆಕೆಗೆ ತಿಳಿಯಲಿಲ್ಲ. ಎರಡರ ಮೇಲೂ ಇರಬಹುದು, ಇದ್ದರೆ ತಪ್ಪೇನೂ ಇರಲಿಲ್ಲ.

ಹಾಗಾದರೆ ನೀನೇ ಕೇಳು ಎಂದಳು. ನಿನ್ನನ್ನು ಕೇಳಿದ್ದನ್ನೆಲ್ಲ ನನ್ನನ್ನೂ ಕೇಳು, ಈಗಲೇ, ಇಲ್ಲೇ. ಅವನು ಬೇಡ ಮೇಡಂ ಎಂದ. ಆಕೆ ಬಿಡಲಿಲ್ಲ. ಕೊನೆಗೆ ಅವನು ಕೇಳತೊಡಗಿದ. ಮೊದಮೊದಲು ಅಳುಕುತ್ತ, ಆಮೇಲೆ ಅಳುಕು ಬಿಟ್ಟು. ಕ್ಲೋರಿನ್ ಸೋರಿದರೆ ಯಾವ ದಿಕ್ಕಿಗೆ ಜನರನ್ನು ಕಳಿಸಬೇಕು, ತೊಟ್ಟಿಯ ಮರಳು ಗಟ್ಟಿಯಾದರೆ ತೊಳೆಯುವ ಕ್ರಮ ಹೇಗೆ, ಕರೆಂಟು ಹೋದಾಗ ಕೊಳವೆ ಒಡೆಯದಂತೆ ಏನು ಮಾಡಬೇಕು. ಆಕೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಉತ್ತರ ಕೊಡುತ್ತ ಕೊಡುತ್ತ ಮೈ ಹಗುರಾಯಿತು. ಹೊಸ ಪಂಪುಗಳ ಸ್ವಯಂಚಾಲಿತ ನಿಯಂತ್ರಣದ ಬಗ್ಗೆ ಕೇಳಿದಾಗ ಅರ್ಧ ಹೇಳಿ ತಡವರಿಸಿದಳು. ಉಳಿದದ್ದು ಗೊತ್ತಿಲ್ಲ ಎಂದು ಒಪ್ಪಿಕೊಂಡಳು. ಅದನ್ನು ಒಪ್ಪಿಕೊಳ್ಳುವುದೂ ಆಕೆಗೆ ಇಷ್ಟವಾಯಿತು. ಪರೀಕ್ಷೆಯೆಂದರೆ ಹೀಗಲ್ಲವೇ ಇರಬೇಕಾದ್ದು? ಪಾಳಿ ಬದಲಾಗಿ ಜನ ಪಕ್ಕದಲ್ಲೇ ಹಾದುಹೋದರು. ಅವರಿಬ್ಬರೂ ಗಮನಿಸಲಿಲ್ಲ.

ಪ್ರಶ್ನೆಗಳು ಮುಗಿದವು.

"ಈಗ ಹೇಳು," ಎಂದಳು. "ನೀನು ಸಮಿತಿಯಲ್ಲಿದ್ದಿದ್ರೆ ನಮ್ಮಿಬ್ಬರಲ್ಲಿ ಯಾರಿಗೆ ಕೊಡ್ತಿದ್ದೆ?"

"ನಿಮಗೇ ಮೇಡಂ."

ಒಂದು ಗಳಿಗೆ ಆಕೆಗೆ ಎದೆ ತುಂಬಿ ಬಂತು. ಆದರೆ ಉತ್ತರ ತೀರಾ ಬೇಗ ಬಂದಿತ್ತು. ನಿಜ ಹೇಳು ಎಂದಳು. ಅವನು ಕಂಬಿ ಬಿಟ್ಟು ತೊಟ್ಟಿಯ ನೀರನ್ನು ನೋಡಿದ.

"ನಾಳೆಯಿಂದ ನನ್ನ ಕೆಲಸದ ವರದಿ ಬರೆಯೋರು ನೀವು. ನಾನು ಇನ್ನೇನು ಹೇಳೋಕಾಗುತ್ತೆ ಮೇಡಂ?"

ಕೊಂಕು ಮಾತಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವವನೆಂದೇ ಆಕೆ ಅವನನ್ನು ಆರಿಸಿ ತಂದದ್ದು. ಆಕೆ ತಲೆಯಾಡಿಸಿ, ಹೋಗಿ ಊಟ ಮಾಡು ಎಂದು ಕಳಿಸಿದಳು. ಮುಂದೆ ಆ ಪ್ರಶ್ನೆಯನ್ನು ಆಕೆ ಯಾರನ್ನೂ ಕೇಳಲಿಲ್ಲ. ಅವಳ ಕೆಲಸ ಬಲ್ಲವರೆಲ್ಲ ಆ ಘಟಕದಲ್ಲೇ ಇದ್ದರು, ಮತ್ತು ಆ ಘಟಕದಲ್ಲಿ ಅವಳ ಕೈಕೆಳಗೆ ಇಲ್ಲದವರು ಯಾರೂ ಉಳಿದಿರಲಿಲ್ಲ.