ಮುಳ್ಳು ಅಲ್ಲಾಡದ ಪೆಟ್ಟಿಗೆ

ನಮ್ಮ ಮನೆಯವರಿಗೆ ಅವರ ಕಚೇರಿಯಲ್ಲಿ ಬೇಲಿ ಸಾಹೇಬರು ಎಂದು ಅಡ್ಡಹೆಸರು. ಅದು ಅವರಿಗೆ ಗೊತ್ತಿಲ್ಲವೆಂದು ಕಚೇರಿಯವರು ತಿಳಿದಿದ್ದರು. ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಅವರ ಕೆಲಸ ಗಾಳಿಗೆ ಬೇಲಿ ಹಾಕುವುದು. ತಮಾಷೆಗೆ ಹೇಳುತ್ತಿಲ್ಲ. ರೇಡಿಯೋ, ಟಿವಿ, ಮೊಬೈಲು, ವಿಮಾನ, ಹಡಗು, ಪೊಲೀಸು ಎಲ್ಲರೂ ಮಾತಾಡುವುದು ಗಾಳಿಯಲ್ಲೇ ತಾನೆ? ಒಬ್ಬರ ಮಾತು ಇನ್ನೊಬ್ಬರಿಗೆ ಅಡ್ಡ ಬರಬಾರದೆಂದು ಸರ್ಕಾರ ಆ ತರಂಗಗಳನ್ನು ಸೈಟು ಹಂಚಿದ ಹಾಗೆ ಪಟ್ಟಿ ಪಟ್ಟಿಯಾಗಿ ಹಂಚಿಬಿಟ್ಟಿದೆ. ಯಾರ ಪಟ್ಟಿಯೊಳಗೆ ಯಾರು ನುಗ್ಗಿದರು ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುವವರು ನಮ್ಮವರು.

ಅವರ ಕೋಣೆಯ ಒಂದು ಗೋಡೆ ಪೂರ್ತಿ ನಕ್ಷೆ. ನಕ್ಷೆಯ ತುಂಬ ಬಣ್ಣಬಣ್ಣದ ಚೌಕ, ಪ್ರತಿ ಚೌಕಕ್ಕೂ ಒಬ್ಬ ಒಡೆಯ. ಎರಡು ಚೌಕಗಳ ನಡುವೆ ಯಾರಿಗೂ ಕೊಡದ ಬಿಳಿ ಗೆರೆ, ಅದಕ್ಕೆ ಕಾವಲು ಪಟ್ಟಿ ಅನ್ನುತ್ತಾರೆ. ಸಂಸಾರಕ್ಕೂ ಇಂಥದ್ದು ಬೇಕೆಂದು ಮದುವೆಯಾದ ಹೊಸದರಲ್ಲೇ ಬೀರುವಿನಲ್ಲಿ ಅವರ ಬಟ್ಟೆಗೂ ನನ್ನ ಬಟ್ಟೆಗೂ ನಡುವೆ ಒಂದು ಗೇಣು ಖಾಲಿ ಬಿಡಿಸಿದರು. ಬೆಳಗ್ಗೆ ಬಚ್ಚಲಿಗೆ ಅವರ ಹೊತ್ತು, ನನ್ನ ಹೊತ್ತು, ನಡುವೆ ಯಾರೂ ಹೋಗಕೂಡದ ಹೊತ್ತು. ನಾನು ಆ ಖಾಲಿ ಹೊತ್ತಿನಲ್ಲೇ ನೆಮ್ಮದಿಯಾಗಿ ಸ್ನಾನ ಮುಗಿಸುತ್ತಿದ್ದೆ. ಆ ಖಾಲಿ ಗೇಣಿನಲ್ಲೇ ನನ್ನ ಹೊಸ ಬಟ್ಟೆಗಳನ್ನು ತುರುಕುತ್ತಿದ್ದೆ. ಇಷ್ಟು ವರ್ಷದಲ್ಲಿ ಮಹಾನುಭಾವರಿಗೆ ಅಡಚಣೆಯೂ ಆಗಲಿಲ್ಲ, ಗೊತ್ತೂ ಆಗಲಿಲ್ಲ.

ನಾನು ಅಗ್ನಿಶಾಮಕ ಠಾಣೆಯ ಕಂಟ್ರೋಲ್ ರೂಮಿನವಳು. ಬೆಂಕಿ ಬಿದ್ದ ಮನೆಯವರು ಅರಚಾಡುವುದನ್ನು ಕೇಳಿಸಿಕೊಂಡು, ಅದರೊಳಗಿಂದ ವಿಳಾಸ ಬಿಡಿಸಿಕೊಂಡು, ಗಾಡಿ ಕಳಿಸಿ, ಆಮೇಲೆ ತಲೆಗೆ ಹೆಡ್‌ಫೋನು ಸಿಕ್ಕಿಸಿಕೊಂಡು ವೈರ್‌ಲೆಸ್ಸಿನಲ್ಲಿ ನಮ್ಮ ಹುಡುಗರ ಮಾತು ಕೇಳುತ್ತ ಕೂರುವುದು ನನ್ನ ಕೆಲಸ. ನನ್ನ ಒಬ್ಬನೇ ತಮ್ಮ ಅದೇ ಠಾಣೆಯಲ್ಲಿ ಬೆಂಕಿಯೊಳಗೆ ನುಗ್ಗುವವನು. ಅವನನ್ನು ಎತ್ತಿ ಆಡಿಸಿದವಳು ನಾನು. ಆ ಕೆಲಸಕ್ಕೆ ಸೇರಿಸಿದವಳೂ ನಾನೇ, ಯಾವ ಬುದ್ಧಿಯಲ್ಲಿ ಸೇರಿಸಿದೆನೋ.

ಬೆಂಕಿಗಿಂತ ಹೊಗೆ ಕೆಟ್ಟದ್ದು. ಹೊಗೆಯೊಳಗೆ ಹೋದವನಿಗೆ ತನ್ನ ಕೈಯೇ ಕಾಣುವುದಿಲ್ಲ, ಹೊರಗಿನವರಿಗೆ ಅವನು ಎಲ್ಲಿದ್ದಾನೆಂದು ತಿಳಿಯುವುದಿಲ್ಲ. ಕಳೆದ ಬೇಸಿಗೆಯಲ್ಲಿ ತಮ್ಮನ ಜೊತೆಯವನೊಬ್ಬ ಬಾಗಿಲ ಪಕ್ಕದಲ್ಲೇ ಬಿದ್ದಿದ್ದ. ಎಲ್ಲರೂ ಅವನನ್ನು ಮೇಲಿನ ಮಹಡಿಯಲ್ಲಿ ಹುಡುಕುತ್ತಿದ್ದರು. ಅವನ ಉಸಿರು ನಿಂತದ್ದನ್ನು ನಾನು ಈ ಕಿವಿಯಲ್ಲೇ ಕೇಳಿದೆ. ಅಂದಿನಿಂದ ಸೈರನ್ನು ಕೂಗಿದರೆ ತಮ್ಮ ಯಾವ ಗಾಡಿ ಹತ್ತಿದ ಎಂದು ಮೊದಲು ನೋಡುತ್ತೇನೆ.

ಅದಾದ ಮೇಲೆ ಒಂದು ಕಂಪನಿಯ ಎಂಜಿನಿಯರ್ ಹುಡುಗಿ ಪೆಟ್ಟಿಗೆಯೊಂದನ್ನು ಹಿಡಿದುಕೊಂಡು ಠಾಣೆಗೆ ಬಂದಳು. ಪೆಟ್ಟಿಗೆಯಲ್ಲಿ ಹೆಲ್ಮೆಟ್ಟಿಗೆ ಅಂಟಿಸುವ ಬಿಲ್ಲೆಗಳು, ಕಟ್ಟಡದ ಮೂಲೆಗಳಲ್ಲಿ ಇಡುವ ನಾಲ್ಕು ಪುಟ್ಟ ಕಂಬ, ಒಂದು ಪರದೆ. ಬಿಲ್ಲೆ ಹಾಕಿಕೊಂಡವನು ಹೊಗೆಯಲ್ಲಿರಲಿ, ಗೋಡೆಯಾಚೆ ಇರಲಿ, ಪರದೆಯ ಮೇಲೆ ಚುಕ್ಕಿಯಾಗಿ ಕಾಣುತ್ತಾನೆ. ಅಲ್ಟ್ರಾ ವೈಡ್‌ಬ್ಯಾಂಡ್ ಎಂದು ಅದರ ಹೆಸರು. ನಮ್ಮ ಠಾಣೆಯ ದೊಡ್ಡ ಸಾಹೇಬರಿಗೆ ಹಿಡಿಸಿತು, ತಮ್ಮನಿಗೆ ಹಿಡಿಸಿತು, ನನಗಂತೂ ದೇವರೇ ಕಳಿಸಿದ ಹಾಗಾಯಿತು. ಬಾಕಿ ಇದ್ದದ್ದು ತರಂಗ ಇಲಾಖೆಯ ಒಪ್ಪಿಗೆ ಒಂದೇ. ಅಂದರೆ ನಮ್ಮ ಮನೆಯವರದು.

ಪರೀಕ್ಷೆಯ ದಿನ ನನಗೆ ರಜೆ. ತಮ್ಮನ ಜೊತೆ ನಾನೂ ಅವರ ಕಚೇರಿಗೆ ಹೋದೆ. ಅವರು ನನ್ನನ್ನು ನೋಡಿಯೂ ನೋಡದವರ ಹಾಗೆ ಕನ್ನಡಕ ಸರಿ ಮಾಡಿಕೊಂಡು, "ಕೂತ್ಕೊಳ್ಳಿ" ಎಂದರು. ಮನೆಯಲ್ಲಿ ಏನೇ, ಬಾರೇ ಅನ್ನುವ ಬಾಯಿ!

"ಏನಮ್ಮ, ನಿನ್ನ ಬಿಲ್ಲೆ ಯಾವ ಚೌಕದಲ್ಲಿ ಕೂರುತ್ತೆ?" ಎಂದು ಎಂಜಿನಿಯರ್ ಹುಡುಗಿಯನ್ನು ಕೇಳಿದರು.

"ಒಂದು ಚೌಕದಲ್ಲಿ ಅಲ್ಲ ಸಾರ್. ಇಲ್ಲಿಂದ ಅಲ್ಲೀತನಕ" ಎಂದು ಅವಳು ಗೋಡೆಯ ಮೇಲೆ ಕೈಯಾಡಿಸಿದಳು. ಹಡಗು, ಹವಾಮಾನ, ಉಪಗ್ರಹ ಎಲ್ಲದರ ಮೇಲೂ ಅವಳ ಬೆರಳು ಹಾದುಹೋಯಿತು.

ನಮ್ಮವರ ಮುಖ ನೋಡಬೇಕಿತ್ತು. ತವರಿನವರೆಲ್ಲ ಒಟ್ಟಿಗೆ ಬಂದು ಇಳಿದಾಗ ಅವರ ಮುಖ ಹೀಗಾಗುತ್ತದೆ.

"ಗಾಬರಿ ಆಗ್ಬೇಡಿ ಸಾರ್" ಎಂದಳು ಹುಡುಗಿ. "ಒಂದು ಬುಟ್ಟಿ ಮರಳನ್ನ ಬಾಗಿಲಲ್ಲಿ ಸುರಿದ್ರೆ ಎಡವಿ ಬೀಳ್ತೀರಿ. ಅದೇ ಮರಳನ್ನ ಊರಿನ ರಸ್ತೆಗೆಲ್ಲ ಹರಡಿದ್ರೆ ಇದೆ ಅಂತ ಯಾರಿಗೂ ಗೊತ್ತಾಗಲ್ಲ. ಇದೂ ಹಾಗೇ. ಎಲ್ಲರ ಜಾಗದಲ್ಲೂ ಚೂರು ಚೂರು, ಅದೂ ಕಣ್ಣು ಮಿಟುಕಿಸೋದಕ್ಕಿಂತ ಎಷ್ಟೋ ಬೇಗ ಬಂದು ಹೋಗುತ್ತೆ. ಯಾರಿಗೂ ತೊಂದರೆ ಇಲ್ಲ, ಹೊಸ ಜಾಗ ಕೇಳೋದೂ ಬೇಕಿಲ್ಲ. ಇರೋ ಜಾಗದಲ್ಲೇ ಇನ್ನೊಂದು ಸಂಸಾರ ನಡೆಯುತ್ತೆ."

"ಹಾಗಾದ್ರೆ ಇಡೀ ಊರಿನ ರಸ್ತೆ ಒತ್ತುವರಿ ಆಯ್ತಲ್ಲಮ್ಮ!"

"ಸಾರ್, ನಾವು ಅಳೆದು ನೋಡಿದೀವಿ. ನಿಮ್ಮ ನಕ್ಷೆಯಲ್ಲಿ ಎಷ್ಟೋ ಚೌಕಗಳು ದಿನವೆಲ್ಲ ಖಾಲೀನೇ ಇರುತ್ತೆ."

"ಖಾಲಿ ಇರೋದಕ್ಕೂ ಒಂದು ಶಿಸ್ತು ಬೇಕು" ಎಂದರು ನಮ್ಮವರು.

ಪರೀಕ್ಷೆ ಶುರುವಾಯಿತು. ಇಲಾಖೆಯ ಮಾಪಕ ಕಬ್ಬಿಣದ್ದು, ಹಳೆಯದು, ಮುಖದ ಮೇಲೊಂದು ಮುಳ್ಳು. ತಮ್ಮ ಬಿಲ್ಲೆ ಹಾಕಿಕೊಂಡು ಹೊರಗೆ ಹೋದ. ಪರದೆಯ ಮೇಲೆ ಅವನ ಚುಕ್ಕಿ ಪಡಸಾಲೆ ದಾಟಿತು, ಮೆಟ್ಟಿಲು ಇಳಿಯಿತು, ಒಂದು ಮೂಲೆಗೆ ಹೋಗಿ ಸ್ವಲ್ಪ ಹೊತ್ತು ನಿಂತು ವಾಪಸು ಬಂತು. ಬಾಗಿಲು ತಳ್ಳಿಕೊಂಡು ಒಳಗೆ ಬಂದ ತಮ್ಮ, "ಭಾವ, ನಿಮ್ಮ ಆಫೀಸಿನ ಟಾಯ್ಲೆಟ್ಟಲ್ಲಿ ನೀರೇ ಇಲ್ಲ" ಎಂದ. ನಾನೂ ಆ ಹುಡುಗಿಯೂ ನಕ್ಕೆವು. ನಮ್ಮವರು ನಗಲಿಲ್ಲ. ಅವರು ಪರದೆಯ ಕಡೆ ಒಮ್ಮೆಯೂ ತಿರುಗಿರಲಿಲ್ಲ, ಮುಳ್ಳನ್ನೇ ನೋಡುತ್ತಿದ್ದರು. ಮುಳ್ಳು ಅಲ್ಲಾಡಿರಲಿಲ್ಲ.

"ಅಲ್ಲಾಡಲ್ಲ ಸಾರ್, ಅದೇ ಇದರ ಗುಣ" ಎಂದಳು ಹುಡುಗಿ.

ಅವರು ವರದಿ ಬರೆದರು. ಉಪಕರಣದಿಂದ ಯಾವ ತರಂಗವೂ ಹೊರಡುತ್ತಿಲ್ಲ, ಆದ್ದರಿಂದ ಉಪಕರಣ ಕೆಟ್ಟಿದೆ, ಅನುಮತಿ ನಿರಾಕರಿಸಲಾಗಿದೆ.

ಹುಡುಗಿ ತಲೆ ಚಚ್ಚಿಕೊಂಡು ಹೋದಳು. ಆದರೂ ಛಲ ಬಿಡಲಿಲ್ಲ. ಇಲಾಖೆಗೆ ಮುಳ್ಳು ಅಲ್ಲಾಡುವುದೇ ಮುಖ್ಯವಾದರೆ ಆಗಲಿ ಎಂದು ಬಿಲ್ಲೆಯ ಶಕ್ತಿಯನ್ನು ಬೇಕೆಂದೇ ಹೆಚ್ಚಿಸಿಕೊಂಡು ಎರಡನೆಯ ಸಲ ಬಂದಳು. ಮುಳ್ಳು ಟಪ್ಪನೆ ಎದ್ದು ಕುಣಿಯಿತು, ಪಕ್ಕದ ಕೋಣೆಯ ಗುಮಾಸ್ತರ ರೇಡಿಯೋ ಗೊರಗೊರ ಎಂದಿತು. ನಮ್ಮವರಿಗೆ ಎಲ್ಲಿಲ್ಲದ ಸಂತೋಷ. "ಈಗ ನೋಡು, ಉಪಕರಣ ಸರಿಯಾಗಿ ಕೆಲಸ ಮಾಡ್ತಿದೆ" ಎಂದು ಬೆನ್ನು ತಟ್ಟಿದರು. ಆಮೇಲೆ ಅಡಚಣೆ ಉಂಟುಮಾಡುತ್ತಿದೆ ಎಂದು ಬರೆದು ಮತ್ತೆ ನಿರಾಕರಿಸಿದರು.

ಅವತ್ತು ಊಟಕ್ಕೆ ತಮ್ಮನೂ ಇದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು, ತಟ್ಟೆ ಕುಕ್ಕಿದೆ.

"ರೀ, ಕೇಳಿಸದಿದ್ರೆ ಕೆಟ್ಟಿದೆ ಅಂತೀರಿ, ಕೇಳಿಸಿದ್ರೆ ಗಲಾಟೆ ಅಂತೀರಿ. ಇವನು ಹೊಗೆಯಲ್ಲಿ ಸಾಯಬೇಕಾ?"

"ನಾನೇನು ಕಟುಕನಾ? ತಾತ್ಕಾಲಿಕ ಅನುಮತಿಗೆ ದಾರಿ ಇದೆ ಕಣೇ" ಎಂದರು ಅವರು, ನಿಜವಾಗಿಯೂ ನೊಂದುಕೊಂಡು. "ಪ್ರತಿ ಸಲ ಬಳಸೋ ಮುಂಚೆ ಜಾಗ, ದಿನ, ಹೊತ್ತು ಬರೆದು ಅರ್ಜಿ ಕೊಟ್ಟರೆ ಸಾಕು. ಹದಿನೈದು ದಿನ ಮುಂಚೆ."

ತಮ್ಮ ತುತ್ತು ನುಂಗಿ, "ಆಗಲಿ ಭಾವ. ಬೆಂಕಿಗೆ ಹೇಳಿ ನೋಡ್ತೀನಿ" ಎಂದ.

ಅವರು ಮೂರನೆಯ ಪರೀಕ್ಷೆಗೆ ಒಪ್ಪಿದರು. ಈ ಸಲ ಠಾಣೆಯಲ್ಲೇ, ಬಿಲ್ಲೆ ಮೊದಲಿನ ಮೆಲುದನಿಯದೇ. ಅಲ್ಲಿಯವರೆಗೆ ಯಾರೂ ಮುಟ್ಟಕೂಡದೆಂದು ಪೆಟ್ಟಿಗೆಗೆ ದಾರ ಸುತ್ತಿ ಅರಗಿನ ಮೊಹರು ಒತ್ತಿ ತಾವೇ ಇಟ್ಟುಕೊಂಡರು.

ಆ ದಿನ ಅವರು ಒಂದು ಕೈಯಲ್ಲಿ ಮಾಪಕ, ಇನ್ನೊಂದು ಕೈಯಲ್ಲಿ ಪೆಟ್ಟಿಗೆ ಹಿಡಿದು ಠಾಣೆಗೆ ಬಂದರು. ಎಂಜಿನಿಯರ್ ಹುಡುಗಿಯೂ ಬಂದಳು. ಅಂಗಳದಲ್ಲಿ ಮೇಜು ಹಾಕಿಸುತ್ತಿದ್ದಾಗಲೇ ಕಂಟ್ರೋಲ್ ರೂಮಿನಲ್ಲಿ ನನ್ನ ಫೋನು ಹೊಡೆದುಕೊಂಡಿತು. ಹಾಸಿಗೆ ಗೋದಾಮಿಗೆ ಬೆಂಕಿ. ಹಾಸಿಗೆ ಗೋದಾಮು ಅಂದರೆ ಒಳಗೆಲ್ಲ ಫೋಮು, ಕಪ್ಪು ಹೊಗೆ. ಸೈರನ್ನು ಒತ್ತಿದೆ.

ಗಾಜಿನ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ತಮ್ಮ ಕೋಟು ಏರಿಸಿಕೊಳ್ಳುತ್ತಲೇ ಓಡಿಬಂದು ಪೆಟ್ಟಿಗೆಯತ್ತ ಕೈ ಚಾಚಿದ. ನಮ್ಮವರು ಅದನ್ನು ಎದೆಗವಚಿಕೊಂಡರು. ಮೊಹರು ತೋರಿಸಿ ಏನೋ ಹೇಳಿದರು. ತಮ್ಮನಿಗೆ ವಾದ ಮಾಡುವಷ್ಟು ಪುರುಸೊತ್ತಿರಲಿಲ್ಲ, ಗಾಡಿ ಹತ್ತಿದ. ಮೊದಲ ಗಾಡಿ ಹೊರಟಿತು.

ನಾನು ಕುರ್ಚಿ ಬಿಟ್ಟು ಏಳುವ ಹಾಗಿಲ್ಲ. ಎದುರಿಗೆ ಠಾಣೆಯ ಧ್ವನಿವರ್ಧಕದ ಮೈಕಿತ್ತು. ಜನರ ಎದುರು ಗಂಡನನ್ನು ಎಂದೂ ಕೂಗಿ ಕರೆದವಳಲ್ಲ. ಸ್ವಿಚ್ಚು ಒತ್ತಿದೆ.

"ರೀ! ನಿಮ್ಮ ಮೊಹರಿಗೆ ಬೆಂಕಿ ಬಿತ್ತು! ಪೆಟ್ಟಿಗೆ ಬಿಚ್ಚಿ, ಗಾಡಿ ಹತ್ತಿ! ಅವನಿಗೇನಾದ್ರೂ ಆದ್ರೆ ಮನೆಗೆ ಕಾಲಿಡಬೇಡಿ!"

ಇಡೀ ಠಾಣೆಗೆ ಕೇಳಿಸಿತು, ಎದುರು ರಸ್ತೆಗೂ ಕೇಳಿಸಿತು. ನಮ್ಮವರು ಕಿಟಕಿಯತ್ತ ತಿರುಗಿ ನೋಡಿದರು. ಆಮೇಲೆ, ನಾನು ಕಣ್ಣಾರೆ ಕಂಡೆ, ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ದಾರವನ್ನು ಹಲ್ಲಿನಿಂದ ಕಚ್ಚಿ ಹರಿದರು. ಹುಡುಗಿಯ ಕೈ ಹಿಡಿದು ಎಳೆದುಕೊಂಡೇ ಎರಡನೆಯ ಗಾಡಿ ಹತ್ತಿದರು. ಮಾಪಕವನ್ನೂ ಬಿಡಲಿಲ್ಲ, ಅದನ್ನೂ ಹೊತ್ತುಕೊಂಡರು.

ಆಮೇಲಿನದೆಲ್ಲ ನಾನು ಕೇಳಿದ್ದು, ನೋಡಿದ್ದಲ್ಲ. ಎಲ್ಲ ಗಾಡಿಗಳಿಗೂ ಸೇರಿ ನಮಗಿದ್ದದ್ದು ಒಂದೇ ಚಾನಲ್ಲು. ನೀರು ಬಿಡು, ಏಣಿ ತಿರುಗಿಸು, ಹಿಂದಿನ ಬಾಗಿಲು ಒಡೆ ಎಂದು ಎಲ್ಲರೂ ಒಬ್ಬರ ಮೇಲೊಬ್ಬರು ಕೂಗುತ್ತಿದ್ದರು. ಕಿವಿಗಿಟ್ಟ ಹೆಡ್‌ಫೋನನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ತಮ್ಮನ ದನಿ ಹುಡುಕಿದೆ. "ಬಿಲ್ಲೆ ಸಿಕ್ತು, ಒಳಗೆ ಹೋಗ್ತಿದೀನಿ" ಎಂದದ್ದು ಕೇಳಿತು. ಆಮೇಲೆ ಅವನ ದನಿ ಇಲ್ಲ. ಕರೆದೆ. ಇನ್ನೊಮ್ಮೆ ಕರೆದೆ.

ಆಗ ಎಲ್ಲರ ಗದ್ದಲವನ್ನೂ ಸೀಳಿಕೊಂಡು ಒಂದು ದನಿ ಬಂತು. ಪರವಾನಗಿ ಇಲ್ಲದೆ ವೈರ್‌ಲೆಸ್ಸಿನಲ್ಲಿ ಒಂದು ಮಾತಾಡಿದ್ದಕ್ಕೆ ಎಷ್ಟೋ ಜನರಿಗೆ ದಂಡ ಹಾಕಿದ ದನಿ ಅದು.

"ನಿಲ್ಸಿ! ಎಲ್ರೂ ಬಾಯಿ ಮುಚ್ಚಿ! ನನ್ನ ಭಾಮೈದ ಅಲ್ಲಾಡ್ತಿಲ್ಲ! ಮೇಲಲ್ಲ, ಕೆಳಗೇ ಇದ್ದಾನೆ! ಮೆಟ್ಟಿಲ ಹಿಂದೆ, ಎಡಗಡೆ ಗೋಡೆ! ಚುಕ್ಕಿ ನಿಂತುಬಿಟ್ಟಿದೆ, ಹೋಗ್ರಯ್ಯಾ, ಓಡಿ!"

ಅಷ್ಟೂ ಜನ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ ಯಾರೋ, "ಸಿಕ್ಕ! ಉಸಿರಿದೆ!" ಎಂದರು. ನಾನು ಮೇಜಿನ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ. ಅತ್ತದ್ದು ವೈರ್‌ಲೆಸ್ಸಿನಲ್ಲಿ ಎಲ್ಲರಿಗೂ ಕೇಳಿಸಿತಂತೆ.

ತಮ್ಮ ಆಸ್ಪತ್ರೆಯಿಂದ ಬಂದ. ನಮ್ಮವರು ವರದಿ ಬರೆದರು, ಈ ಸಲ ನನಗೆ ಓದಿ ಹೇಳಿದರು. ಘಟನೆಯ ಉದ್ದಕ್ಕೂ ಮಾಪಕದ ಮುಳ್ಳು ಅಲ್ಲಾಡಲಿಲ್ಲ, ಆದ್ದರಿಂದ ಉಪಕರಣಕ್ಕೆ ಕೂಡಲೇ ಅನುಮತಿ ಕೊಡಬೇಕು. ಅಂದು ಕಂಡುಬಂದ ಅಡಚಣೆ ಒಂದೇ, ತುರ್ತು ಚಾನಲ್ಲಿನಲ್ಲಿ ಪರವಾನಗಿ ಇಲ್ಲದ ವ್ಯಕ್ತಿಯೊಬ್ಬ ಕಿರುಚಿದ್ದು. ಆ ವ್ಯಕ್ತಿ ಈ ವರದಿಗೆ ಸಹಿ ಹಾಕಿದವನೇ.

"ನಿಮಗೇನ್ರೀ ತಲೆ ಕೆಟ್ಟಿದೆಯಾ? ಅದನ್ನ ಯಾಕೆ ಬರೆದ್ರಿ?"

"ನಡೆದದ್ದನ್ನ ಬರೀದೆ ಇರೋಕಾಗುತ್ತಾ?" ಎಂದರು. ಇಂಥವರ ಜೊತೆ ಸಂಸಾರ ಮಾಡಿದ್ದೇನೆ, ಯಾರಾದರೂ ನನಗೊಂದು ಪದಕ ಕೊಡಬೇಕು. ಆದರೆ ಅವತ್ತು ಅವರ ಮೇಲೆ ನನಗೆ ಉಕ್ಕಿಬಂದ ಪ್ರೀತಿ ಮದುವೆಯ ವರ್ಷದಲ್ಲೂ ಬಂದಿರಲಿಲ್ಲ.

ವರದಿಯ ಎರಡನೆಯ ಭಾಗವನ್ನು ಮೇಲಿನವರು ತಕ್ಷಣ ಒಪ್ಪಿಕೊಂಡರು. ವಿಚಾರಣೆ ಮುಗಿಯುವವರೆಗೆ ಅವರನ್ನು ಕೆಲಸದಿಂದ ದೂರವಿಟ್ಟರು. ಮೊದಲನೆಯ ಭಾಗ ಬರೆದವರು ಈಗ ಆರೋಪಿಯಾದ್ದರಿಂದ ಅದು ಲೆಕ್ಕಕ್ಕಿಲ್ಲವಂತೆ. ಪೆಟ್ಟಿಗೆಗೆ ಹೊಸ ಮೊಹರು ಬಿತ್ತು. ಅವರ ಕುರ್ಚಿಗೆ ಬಂದ ಹೊಸ ಅಧಿಕಾರಿ ಬಹಳ ವಿನಯದವರು. ಬಿಲ್ಲೆಯ ತರಂಗ ಯಾರ ಯಾರ ಪಟ್ಟಿಯ ಮೇಲೆ ಹಾದುಹೋಗುತ್ತದೋ ಅಷ್ಟೂ ಒಡೆಯರಿಂದ ಒಪ್ಪಿಗೆ ತಂದರೆ ಅಡ್ಡಿಯಿಲ್ಲ ಎಂದರು.

ನಮ್ಮವರು ಚಪ್ಪಲಿ ಮೆಟ್ಟಿ ಹೊರಟರು. ಬಂದರಿನವರ ಬಾಗಿಲು, ಹವಾಮಾನದವರ ಬಾಗಿಲು, ಉಪಗ್ರಹದವರ ಬಾಗಿಲು. ಒಂದು ಕಾಲಕ್ಕೆ ತಾವೇ ಕಾಯಿಸಿದವರ ಎದುರು ಈಗ ಬೆಂಚಿನ ಮೇಲೆ ಕಾದು ಕೂತರು. ಹುಡುಗಿ ಹೇಳಿದ ಮರಳಿನ ಮಾತನ್ನು ಅವರೇ ಎಲ್ಲರಿಗೂ ಹೇಳಿದರು, ಅವಳಿಗಿಂತ ಚೆನ್ನಾಗಿ. ಎಲ್ಲರೂ ಸಹಿ ಹಾಕಿದರು, ಒಬ್ಬರನ್ನು ಬಿಟ್ಟು. ಆ ಪಟ್ಟಿ ಯಾವುದೋ ಗಣಿ ಕಂಪನಿಯದು. ಹುಡುಕಿಕೊಂಡು ಹೋದರೆ ಗೇಟಿಗೆ ತುಕ್ಕು, ಒಳಗೆ ಗಿಡಗಂಟಿ. ಕಂಪನಿ ಮುಚ್ಚಿ ಒಂದು ತಲೆಮಾರಾಯಿತು, ಯಜಮಾನರು ತೀರಿಕೊಂಡರು, ಮಕ್ಕಳಿಲ್ಲ ಎಂದು ಪಕ್ಕದ ಚಹಾ ಅಂಗಡಿಯವನು ಹೇಳಿದ.

ಅಲ್ಲಿಂದ ನೇರ ಕಚೇರಿಗೆ ಹೋಗಿ, "ಸತ್ತವರ ಹತ್ರ ಸಹಿ ಹೇಗೆ ತರಲಿ?" ಎಂದು ಕೇಳಿದರಂತೆ. ಹೊಸ ಅಧಿಕಾರಿ ಎದ್ದು ನಿಂತು, "ನಿಮಗೆ ಗೊತ್ತಿಲ್ಲದ್ದೇನಿದೆ ಸಾರ್? ಆ ಪಟ್ಟಿ ಅವರಿಗೇ ಕಾಯ್ದಿರಿಸಿದೆ" ಎಂದರಂತೆ.

ಇದನ್ನು ಅವರು ಕಂಟ್ರೋಲ್ ರೂಮಿನಲ್ಲಿ ನನ್ನ ಪಕ್ಕ ನಿಂತು ಹೇಳುತ್ತಿದ್ದಾಗಲೇ ಫೋನು ಹೊಡೆದುಕೊಂಡಿತು. ಬಟ್ಟೆ ಗೋದಾಮು. ಇನ್ನೂ ಕೆಮ್ಮು ವಾಸಿಯಾಗದ ನನ್ನ ತಮ್ಮ ಬಿಲ್ಲೆಯಿಲ್ಲದ ಬರೀ ಹೆಲ್ಮೆಟ್ಟು ಹಾಕಿಕೊಂಡು ಗಾಡಿ ಹತ್ತಿದ.