ಗಟ್ಟಿಗ ತಳಿಯ ನಾಲ್ಕು ಪೊದೆಗಳು

ತೈಸಿಯಾ ಮಾರ್ಕೊವ್ನಾ ನಮ್ಮ ಹಳ್ಳಿಯ ಸಾಮೂಹಿಕ ತೋಟದಲ್ಲಿ ಹಣ್ಣಿನ ಗಿಡಗಳನ್ನು ನೋಡಿಕೊಳ್ಳುತ್ತಿದ್ದಳು. ಮೂವತ್ತನಾಲ್ಕು ವರ್ಷದ ಒಂಟಿ ಹೆಂಗಸು. ಓಬ್ ನದಿಯ ಹಡಗೊಂದರಲ್ಲಿ ಅಡುಗೆಯವಳಾಗಿ ಹೋಗಬೇಕೆಂಬುದು ಅವಳ ಒಂದೇ ಆಸೆ. ಹಡಗಿನವರೂ ಒಪ್ಪಿದ್ದರು. ಆದರೆ ಆಗ ದೇಶದೊಳಗೆ ಓಡಾಡಲೂ ಪಾಸ್‌ಪೋರ್ಟ್ ಬೇಕಿತ್ತು, ಅದನ್ನು ನಮ್ಮ ಹಳ್ಳಿಯವರ ಕೈಗೆ ಕೊಡುತ್ತಿರಲಿಲ್ಲ; ತೋಟದ ಅಧ್ಯಕ್ಷರ ಸಹಿಯ ಚೀಟಿ ಇಲ್ಲದೆ ಯಾರೂ ಊರು ಬಿಡುವಂತಿರಲಿಲ್ಲ.

"ಗಟ್ಟಿಗನ ಪರೀಕ್ಷೆ ಮುಗೀಲಿ, ತೈಸಿಯಾ," ಎನ್ನುತ್ತಿದ್ದರು ಅಧ್ಯಕ್ಷ ಯೆರ್ಮೊಲಾಯ್ ಸಾವ್ವಿಚ್. "ಗಿಡ ಗೆದ್ರೂ ಸರಿ, ಸತ್ರೂ ಸರಿ. ಅವತ್ತೇ ಚೀಟಿ."

ಗಟ್ಟಿಗ ಎಂಬುದು ಬ್ಲ್ಯಾಕ್‌ಕರಂಟ್ ಎಂಬ ಪುಟ್ಟ ಕಪ್ಪು ಹುಳಿಹಣ್ಣಿನ ಹೊಸ ತಳಿ. ತೋಟದಲ್ಲಿ ಅದರ ನಾಲ್ಕೇ ಪೊದೆಗಳಿದ್ದವು. ಸೊನ್ನೆಗಿಂತ ನಲವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಕೊಂಬೆ ಸಾಯುತ್ತಿರಲಿಲ್ಲ. ಎಲೆಗೆ ಬೂದಿ ರೋಗ ಹತ್ತುತ್ತಿರಲಿಲ್ಲ. ಹಣ್ಣೆಲ್ಲ ಒಟ್ಟಿಗೇ ಮಾಗುತ್ತಿತ್ತು. ಬಿಡಿಸಿದರೆ ಸಿಪ್ಪೆ ಹರಿಯದೆ, ರಸ ಸೋರದೆ ಕೈಗೆ ಬರುತ್ತಿತ್ತು. ಏಳು ವರ್ಷ ಅವಳು ಇದನ್ನೆಲ್ಲ ಬರೆದುಕೊಟ್ಟಳು. ಏಳು ಸಲವೂ ಅಧ್ಯಕ್ಷರು, "ಇನ್ನೊಂದು ಚಳಿಗಾಲ ನೋಡೋಣ," ಎಂದರು.

ಮಾರ್ಚಿನಲ್ಲಿ, ಹಿಮ ಇನ್ನೂ ಇರುವಾಗ, ಮೊಗ್ಗಿನೊಳಗಿನ ನುಸಿ ಸಾಯಲೆಂದು ಪೊದೆಗಳಿಗೆ ಕುದಿನೀರು ಹುಯ್ಯುವುದು ನಮ್ಮಲ್ಲಿ ವಾಡಿಕೆ. ಮೊಗ್ಗು ನಿದ್ದೆಯಲ್ಲಿರುವಾಗ ಮಾತ್ರ ಹುಯ್ಯಬೇಕು. ಎಂಟನೆಯ ವರ್ಷ ಬಿಸಿಲು ಬೇಗ ಬಂತು. ತೈಸಿಯಾ ನೀರು ಹೊತ್ತು ತಂದಾಗ ನೆರೆಮನೆಯ ಉಸ್ತಿನ್ಯಾ ಬೇಲಿಯಾಚೆ ನಿಂತಿದ್ದಳು.

"ಮೊಗ್ಗು ಹಸಿರಾಗಿದೆಯಲ್ಲೇ. ಈಗ ಹುಯ್ದ್ರೆ ಸೂಪ್ ಆಗತ್ತೆ."

"ಹಾಗಾದ್ರೆ ಉಪ್ಪು ತಂದ್ಕೊಡು."

"ಕಣ್ಣು ಹೋಗಿದ್ಯಾ ನಿಂಗೆ?"

"ಚೆನ್ನಾಗೇ ಕಾಣ್ತಿದೆ, ಅಕ್ಕ," ಎಂದು ತೈಸಿಯಾ ನಾಲ್ಕೂ ಪೊದೆಗಳಿಗೆ ಎರಡೆರಡು ಸಲ ಹುಯ್ದಳು.

ವಾರದಲ್ಲಿ ಮೊಗ್ಗುಗಳು ಕಂದಿ ಉದುರಿದವು. ಅಧ್ಯಕ್ಷರು ಒಂದು ಕೊಂಬೆ ಮುರಿದು ನೋಡಿದರು. ಒಳಗೂ ಒಣಗಿತ್ತು. "ಜೂನ್ ಹದಿನೈದರವರೆಗೆ ಕಾಯೋಣ. ಆಮೇಲೆ ಸತ್ತಿದೆ ಅಂತ ಬರೆದು ನಿನ್ನ ಕಳಿಸ್ತೀನಿ," ಎಂದರು. ಅಲ್ಲಿಯವರೆಗೆ ಜಾಗ ಹಿಡಿದಿಡುತ್ತೇವೆಂದು ಹಡಗಿನವರೂ ಹೇಳಿ ಕಳಿಸಿದರು.

ಜೂನ್ ಹನ್ನೆರಡರ ಬೆಳಿಗ್ಗೆ ಮೊದಲ ಪೊದೆಯ ಬುಡದಲ್ಲಿ ಬೆರಳುದ್ದದ ಚಿಗುರು ಕಂಡಿತು. ಸುತ್ತ ಯಾರೂ ಇರಲಿಲ್ಲ. ತೈಸಿಯಾ ಅದನ್ನು ಚಿವುಟಿದಳು. ಪಕ್ಕದಲ್ಲಿ ಇನ್ನೊಂದಿತ್ತು, ಅದನ್ನೂ ಚಿವುಟಿದಳು. ಮಣ್ಣು ಕೆದಕಿದಳು. ಒಳಗೆ ಬಿಳಿ ಮೊಳಕೆಗಳು. ಕೆದಕಿದಷ್ಟೂ ಇದ್ದವು, ನಾಲ್ಕೂ ಪೊದೆಗಳಲ್ಲಿ.

ಮರುದಿನ ಅಧ್ಯಕ್ಷರು ಮೊಳಕಾಲೂರಿ ಕೂತು ನೋಡಿ ನಕ್ಕರು.

"ಕುದಿನೀರಿಗೂ ಜಗ್ಗಲಿಲ್ಲ ನೋಡು ಇವನು. ಮತ್ತೆ ಪೂರ್ತಿ ಫಸಲು ಯಾವಾಗ?"

ಇನ್ನು ಹಣ್ಣು ಬಿಡುವುದೇ ಇಲ್ಲ ಎಂದು ಅವಳು ಹೇಳಿಬಿಡಬಹುದಿತ್ತು. "ಎರಡು ವರ್ಷಕ್ಕೆ," ಎಂದಳು ತೈಸಿಯಾ.

"ಅಲ್ಲೀವರೆಗೂ ನೀನೇ ನೋಡ್ಕೋ."

ಅವರು ಹೋದ ಮೇಲೆ ಅವಳು ಕೆದಕಿದ ಜಾಗಕ್ಕೆಲ್ಲ ಮಣ್ಣು ಎಳೆದಳು. ಹಾಗೇ ಬಿಟ್ಟಿದ್ದರೆ ಮೊಳಕೆಗಳು ಬಿಸಿಲಿಗೆ ಒಣಗುತ್ತಿದ್ದವು.